ಮಳೆಗಾಲದ ಕಾರವಾರ ಹಕ್ಕಿ ಪ್ಯಾಕೇಜ್: ದುಡ್ಡು ಹಾಕುವ ಮೊದಲು ಓದಿ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಪೋಸ್ಟರ್ ಓಡಾಡುತ್ತಿದೆ. ಒಂದೇ ದಿನದಲ್ಲಿ ಕಾರವಾರ, ಕಡಲ ಹಕ್ಕಿ ನೋಡುವ ಟ್ರಿಪ್. ತಲೆಗೆ 2,200 ರೂಪಾಯಿ. ಬಸ್ಸು, ಗೈಡು, ನಡುಗಡ್ಡೆಗೆ ದೋಣಿ, ತಾಜಾ ಮೀನಿನ ಊಟ ಎಲ್ಲ ಸೇರಿ. ಜುಲೈನಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಇದಕ್ಕೇ ಹೋಗಿ ಬಂದೆ. ಆಯೋಜಕರ ಹೆಸರು ಬರೆಯುವುದಿಲ್ಲ. ಇಂಥ ಟ್ರಿಪ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಮಳೆಗಾಲದಲ್ಲಿ ಯಾರು ಕರೆದರೂ ಹೋಗಬೇಡಿ, ಅಷ್ಟೇ.

ಪೋಸ್ಟರಿನಲ್ಲಿರುವ ಫೋಟೊಗಳೆಲ್ಲ ಚಳಿಗಾಲದವು. ಕಡಲ ದಂಡೆಯಲ್ಲಿ ಗುಂಪುಗುಂಪಾಗಿ ಕಾಣುವ ಗೊರವ, ಕಡಲಕ್ಕಿಗಳಲ್ಲಿ ಹೆಚ್ಚಿನವು ವಲಸೆ ಬರುವವು. ಸೆಪ್ಟೆಂಬರ್ ಹೊತ್ತಿಗೆ ಇಳಿಯಲು ಶುರುಮಾಡುತ್ತವೆ, ಏಪ್ರಿಲ್-ಮೇ ಬಂತೆಂದರೆ ಮೊಟ್ಟೆ ಇಡಲು ಉತ್ತರಕ್ಕೆ ವಾಪಸ್. ಜುಲೈನಲ್ಲಿ ಅಲ್ಲಿ ಏನಿರುತ್ತದೆ? ಇನ್ನೊಂದು ಫೋಟೊ ಪಟ್ಟೆತಲೆ ಹೆಬ್ಬಾತಿನದು. ಅದನ್ನು ನೋಡಲು ಘಟ್ಟ ಇಳಿಯಬೇಕಾ? ಮಂಗೋಲಿಯಾ ಕಡೆಯಿಂದ ಹಿಮಾಲಯ ದಾಟಿ ಅದು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೇ ಬರುತ್ತದೆ ಅಲ್ವಾ!

ಬೆಳಗಿನ ನಾಲ್ಕೂವರೆಗೆ ಹೊಸೂರು ಸರ್ಕಲ್ಲಿನಲ್ಲಿ ಇರಬೇಕು ಅಂದಿದ್ದರು. ಬಸ್ಸು ಹೊರಟಿದ್ದು ಆರೂವರೆಗೆ. ಯಲ್ಲಾಪುರದಲ್ಲಿ ನಾಷ್ಟಾ, ಅರಬೈಲ್ ಘಟ್ಟದಲ್ಲಿ ಲಾರಿಗಳ ಹಿಂದೆ ಇಂಚಿಂಚೇ ಇಳಿತ, ಕಾರವಾರ ಮುಟ್ಟುವಾಗ ಮಧ್ಯಾಹ್ನ ಆಗುತ್ತಾ ಬಂದಿತ್ತು. ಹಕ್ಕಿ ನೋಡುವ ಹೊತ್ತು ಬಸ್ಸಿನಲ್ಲೇ ಕಳೆದುಹೋಯಿತು. ಹೋಗಿ ಬರಲು ಮುನ್ನೂರಕ್ಕೂ ಜಾಸ್ತಿ ಕಿಲೋಮೀಟರ್ ಇರುವ ಊರಿಗೆ ಒಂದು ದಿನದ ಹಕ್ಕಿ ಟ್ರಿಪ್ ಅನ್ನುವುದೇ ಬೊಗಳೆ.

ಕಾಳಿ ನದಿ ಸಮುದ್ರ ಸೇರುವಲ್ಲಿ ಇಳಿಸಿದರು. ಜಿಟಿಜಿಟಿ ಮಳೆ. ಧೋ ಎಂದು ಸುರಿದಿದ್ದರೆ ತಿರುಗಿ ಹೋಗೋಣ ಅಂತ ಗಲಾಟೆ ಮಾಡಬಹುದಿತ್ತು. ಇದು ಹಾಗಲ್ಲ, ನಿಲ್ಲುವುದೂ ಇಲ್ಲ, ಜೋರಾಗುವುದೂ ಇಲ್ಲ. ಬೂದಿ ಬಣ್ಣದ ಆಕಾಶ, ಅದೇ ಬಣ್ಣದ ನೀರು. ಸಾಲದ್ದಕ್ಕೆ ಸಮುದ್ರದ ಭರತ ಏರಿತ್ತು. ನೀರು ಇಳಿದಾಗಷ್ಟೇ ಕೆಸರಿನ ಬಯಲು ತೆರೆದುಕೊಳ್ಳುತ್ತದೆ, ಹಕ್ಕಿಗಳು ಹುಳ, ಏಡಿ ಹೆಕ್ಕಲು ಬರುತ್ತವೆ. ಭರತ-ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಯಾವ ಊರಿನಲ್ಲಿ ಎಷ್ಟೊತ್ತಿಗೆ ಅನ್ನುವುದು ಮೊಬೈಲಿನಲ್ಲಿ ಬಿಟ್ಟಿ ಸಿಗುತ್ತದೆ. ಗೈಡ್‌ಗೆ ಕೇಳಿದೆ. "ಅದೆಲ್ಲ ಮೀನು ಹಿಡಿಯೋರಿಗೆ ಬೇಕ್ರೀ ಸರ" ಅಂದ.

ದುರ್ಬೀನಿಗೆ ಬೇರೆ ಬಾಡಿಗೆ, 300 ರೂಪಾಯಿ. ಎಸಿ ಬಸ್ಸಿನಿಂದ ಆ ಸೆಕೆಗೆ ಇಳಿಯುತ್ತಿದ್ದಂತೆ ಗಾಜಿಗೆ ಆವಿ ಕೂತಿತು. ಅದು ಸಹಜ, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ಒರೆಸಿ ಬೆಳಕಿಗೆ ಹಿಡಿದು ನೋಡಿದರೆ ಒಳಗಿನ ಗಾಜಿನಲ್ಲಿ ಬೂಷ್ಟು, ಎಳೆಎಳೆಯಾಗಿ ಹಬ್ಬಿತ್ತು. ಅದು ಒರೆಸಿದರೆ ಹೋಗುವಂಥದ್ದಲ್ಲ. ಬಾಡಿಗೆಗೆ ಪಡೆಯುವವರು ಬಸ್ಸು ಹತ್ತುವ ಮೊದಲೇ ಹೀಗೆ ಬೆಳಕಿಗೆ ಹಿಡಿದು ನೋಡಿ.

ಅಷ್ಟರಲ್ಲಿ "ಅಲ್ಲಿ ನೋಡ್ರಿ, ಸೀ ಈಗಲ್!" ಅಂತ ಗೈಡು ಕೂಗಿದ. ಎಲ್ಲರೂ ಕ್ಯಾಮೆರಾ ಎತ್ತಿದರು. ಅಕ್ಕನ ಮಗ ಮೆಲ್ಲಗೆ, "ಮಾಮಾ, ಅದು ಗರುಡ ಅಲ್ಲೇನು?" ಅಂದ. ಗರುಡನೇ. ತಲೆ, ಎದೆ ಬಿಳಿ, ಉಳಿದ ಮೈಯೆಲ್ಲ ಇಟ್ಟಿಗೆ ಕೆಂಪು. ಬಿಳಿಹೊಟ್ಟೆಯ ಕಡಲ ಹದ್ದು ಇದಕ್ಕಿಂತ ತುಂಬ ದೊಡ್ಡದು, ಬೆನ್ನು ಬೂದು, ಕೆಂಪಿನ ಸುಳಿವೇ ಇಲ್ಲ. ಆಮೇಲೆ ದಂಡೆಯಲ್ಲಿ ನಿಂತ ಕೊಳಬಕವನ್ನು ವಿದೇಶದಿಂದ ಬಂದ ಅಪರೂಪದ ಹಕ್ಕಿ ಮಾಡಿದ. ಮರಿ ಮಾಡುವ ಕಾಲದಲ್ಲಿ ಅದರ ಬೆನ್ನು ಕಡುಗೆಂಪಾಗುತ್ತದೆ, ಗುರುತು ತಪ್ಪುವುದು ಸಹಜ. ಆದರೆ ದುಡ್ಡು ತಗೊಂಡವನಿಗೆ ಇಷ್ಟಾದರೂ ಗೊತ್ತಿರಬೇಡವೇ? ನಮ್ಮ ಧಾರವಾಡದ ಕೆಲಗೇರಿ ಕೆರೆಯ ದಂಡೆಯಲ್ಲಿ ನಿಂತಿದ್ದರೆ ಅದೇ ಬಕ ಚಹಾ ಕುಡಿಯುತ್ತಾ ಕಾಣುತ್ತಿತ್ತು. ಚಹಾ ನಮ್ಮದು, ಬಕದ್ದಲ್ಲ.

ದೋಣಿ? ಮಳೆಗಾಲದ ಅರಬ್ಬಿ ಸಮುದ್ರಕ್ಕೆ ದೋಣಿ ಯಾರು ಇಳಿಸುತ್ತಾರೆ? ಇಳಿಸಲೂ ಬಾರದು. 2019ರ ಜನವರಿಯಲ್ಲಿ, ಮಳೆಗಾಲವೂ ಅಲ್ಲದ ಹೊತ್ತಿನಲ್ಲಿ, ಕಾರವಾರದ ಹತ್ತಿರದ ಕೂರ್ಮಗಡ ನಡುಗಡ್ಡೆಯ ಜಾತ್ರೆಯಿಂದ ವಾಪಸ್ ಬರುತ್ತಿದ್ದ ದೋಣಿ ಮುಳುಗಿ ಹಾವೇರಿ ಕಡೆಯವರೂ ಸತ್ತಿದ್ದರು. ಬೈತಖೋಲ ಬಂದರಿನಲ್ಲಿ ಯಾಂತ್ರಿಕ ಬೋಟುಗಳೆಲ್ಲ ಕಟ್ಟಿಹಾಕಿದ್ದವು. ಜೂನ್ 1ರಿಂದ ಜುಲೈ 31ರವರೆಗೆ ಅವು ಮೀನಿಗೆ ಹೋಗುವಂತಿಲ್ಲ. ಮೀನು ಇಳಿಯದ ಬಂದರಿಗೆ ಹದ್ದುಗಳೂ ಬರುವುದಿಲ್ಲ, ಅಲ್ಲಿ ಕಾಗೆಗಳದ್ದೇ ದರ್ಬಾರು. ತಾಜಾ ಮೀನಿನ ಊಟದ ಕಥೆ ನೀವೇ ಊಹಿಸಿ. ಐಸಿನ ಬಂಗಡೆ, ಮೇಲೆ ಮಸಾಲೆ. ಇಷ್ಟೆಲ್ಲ ಗೊತ್ತಿದ್ದೇ ಪೋಸ್ಟರ್ ಹಾಕಿದ್ದರು ಅನ್ನುವುದೇ ನನ್ನ ಸಿಟ್ಟು.

ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕಾಲುದಾರಿಯಲ್ಲಿ ಒಂದು ಮಿಂಚುಳ್ಳಿ ಹತ್ತಿರದಲ್ಲೇ ಕೂತಿತ್ತು. ಕೊಕ್ಕಿನ ತುದಿಯಿಂದ ಮಳೆಹನಿ ತೊಟ್ಟಿಕ್ಕುತ್ತಿತ್ತು. ಹುಡುಗ ಅದರ ಚಿತ್ರ ಬರೆದುಕೊಂಡ. ಐದು ನಿಮಿಷಕ್ಕೆ ಗೈಡು ಹಾರ್ನ್ ಹೊಡೆಸಿದ.

ಮಳೆಗಾಲದಲ್ಲೇ ಹಕ್ಕಿ ನೋಡಬೇಕು ಅಂದರೆ ಸೊರಬ ತಾಲ್ಲೂಕಿನ ಗುಡವಿ ಪಕ್ಷಿಧಾಮಕ್ಕೆ ಹೋಗಿ. ಹಾವೇರಿ, ಹಾನಗಲ್ಲಿನವರಿಗಂತೂ ಹತ್ತಿರ. ಮಳೆ ಚೆನ್ನಾಗಿ ಆದ ವರ್ಷ ನೀರಿನಲ್ಲಿ ನಿಂತ ಮರಗಳ ತುಂಬ ಗೂಡು. ಮಾಗಡಿಗೆ ಡಿಸೆಂಬರ್-ಜನವರಿ ಸರಿ, ಬೆಳಗ್ಗೆ ಬೇಗ ಹೋಗಿ. ಕಾರವಾರಕ್ಕೂ ಅದೇ ತಿಂಗಳು, ಒಂದು ರಾತ್ರಿ ಉಳಿಯುವ ಹಾಗೆ.

ದುಡ್ಡು ವಾಪಸ್ ಕೇಳಿದೆ. ದೋಣಿಯದ್ದಾದರೂ ಕೊಡಿ ಅಂದೆ. "ಮಳೆ ನಮ್ಮ ಕೈಯಾಗ ಐತೇನ್ರೀ?" ಅಂದರು. ಆಮೇಲೆ ಮುಂದಿನ ಟ್ರಿಪ್ಪಿಗೆ ಅಂತ 500 ರೂಪಾಯಿಯ ಕೂಪನ್ ಕಳಿಸಿದರು. ಅದರ ಅವಧಿ ಆಗಸ್ಟ್ 31ಕ್ಕೆ ಮುಗಿಯುತ್ತದೆ! ಈಗಾಗಲೇ ದುಡ್ಡು ಹಾಕಿದವರು ಪೋಸ್ಟರಿನ ಸ್ಕ್ರೀನ್‌ಶಾಟ್, ಫೋನ್‌ಪೇ ರಸೀದಿ ಅಳಿಸಬೇಡಿ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಬಹುದು. ನಾನು ಬರೆಸಿದ್ದೇನೆ.