ಬ್ರೇಕ್‌ನ ಗಾಳಿ ತೆಗೆಯಲು ಪಂಪೋ, ಪೆಡಲೋ? ಮನೆಯಲ್ಲೇ ಮಾಡಿ ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಬ್ರೇಕ್ ಲೈನಿನ, ಅಂದರೆ ಬ್ರೇಕ್ ಆಯಿಲ್ ಹರಿಯುವ ಪೈಪಿನ, ಗಾಳಿ ತೆಗೆಯಲು ಒಬ್ಬರು ಪೆಡಲ್ ಒತ್ತಿ, ಇನ್ನೊಬ್ಬರು ಚಕ್ರದ ಹತ್ತಿರ ಕೂತು ಗಾಳಿ ಬಿಡುವ ಚಿಕ್ಕ ಸ್ಕ್ರೂ, ಅಂದರೆ ನಿಪ್ಪಲ್, ಬಿಚ್ಚುವ ಹಳೆಯ ಪದ್ಧತಿಯೇ ನನಗೆ ಮೆಚ್ಚು. 1,450 ರೂಪಾಯಿ ಕೊಟ್ಟು ಗಾಳಿ ಎಳೆಯುವ ಕೈಪಂಪ್ ತರಿಸಿ, ಒಂದು ಇಡೀ ಭಾನುವಾರ ಕಳೆದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ನಮ್ಮದು ಹದಿನಾಲ್ಕು ವರ್ಷದ ಚಿಕ್ಕ ಕಾರು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ವಾರಕ್ಕೆ ಆರು ದಿನ ಕಲಬುರಗಿಯಿಂದ ಸೇಡಂಗೆ ಹೋಗಿ ಬರುತ್ತದೆ. ಮಳಖೇಡದ ಹತ್ತಿರ ಸಿಮೆಂಟ್ ಲಾರಿಗಳ ಹಿಂದೆ ಎಷ್ಟು ಸಲ ಬ್ರೇಕ್ ಒತ್ತಬೇಕಾಗುತ್ತದೆ ಅನ್ನುವುದು ಆ ದಾರಿಯಲ್ಲಿ ಓಡಾಡುವವರಿಗೆ ಗೊತ್ತು. ಹೋದ ವರ್ಷ ಬೇಸಿಗೆಯಲ್ಲಿ ಗಾಡಿ ಎಡಕ್ಕೆ ಎಳೆಯತೊಡಗಿತು. ಮನೆ ಮುಂದೆ ನಿಲ್ಲಿಸಿದರೆ ಎಡಗಡೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ. ಜ್ಯಾಕ್ ಹಾಕಿ ಎತ್ತಿ ತಿರುಗಿಸಿದರೆ ಚಕ್ರ ಜಪ್ಪಯ್ಯ ಅನ್ನಲಿಲ್ಲ. ಪಿಸ್ಟನ್‌ನಿಂದ ಬ್ರೇಕ್ ಪ್ಯಾಡನ್ನು ಡಿಸ್ಕ್‌ಗೆ ಒತ್ತುವ ಭಾಗಕ್ಕೆ ಕ್ಯಾಲಿಪರ್ ಅನ್ನುತ್ತಾರೆ. ಅದರ ಧೂಳು ತಡೆಯುವ ರಬ್ಬರ್ ಹರಿದು, ನೀರು ಒಳಗೆ ಹೋಗಿ, ಪಿಸ್ಟನ್ ತುಕ್ಕು ಹಿಡಿದು ಕಚ್ಚಿಕೊಂಡಿತ್ತು.

ರಬ್ಬರ್ ಕಿಟ್ ಹಾಕಿದರೆ ಸಾಕಾ, ಹೊಸ ಕ್ಯಾಲಿಪರ್ ಬೇಕಾ? ಕಿಟ್‌ಗೆ ಮುನ್ನೂರು ಚಿಲ್ಲರೆ, ಹೊಸದಕ್ಕೆ ಎರಡು ಸಾವಿರದ ಮೇಲೆ. ಪಿಸ್ಟನ್ ನುಣುಪಾಗಿದ್ದರೆ ಕಿಟ್ ಹಾಕಿ. ನಮ್ಮದರ ಮೇಲೆ ಉಗುರಿಗೆ ಸಿಗುವಷ್ಟು ಗುಳಿ ಬಿದ್ದಿದ್ದವು. ಅದರ ಮೇಲೆ ಹೊಸ ರಬ್ಬರ್ ಹಾಕಿದರೆ ಅದೂ ಸೋರುತ್ತದೆ. ಹೊಸದನ್ನೇ ತಂದೆ, ಅದರ ಬಗ್ಗೆ ಎರಡನೇ ಯೋಚನೆ ಇಲ್ಲ.

ಅಂಗಡಿಯಲ್ಲಿ ಒಂದು ವಿಷಯ ನೋಡಿಕೊಳ್ಳಿ. ಎಡದ್ದು ಬಲದ್ದು ಬೇರೆ ಬೇರೆ. ಗಾಡಿಗೆ ಕೂರಿಸಿದಾಗ ಗಾಳಿ ಬಿಡುವ ನಿಪ್ಪಲ್ ಮೇಲ್ಗಡೆ ಬರಬೇಕು. ಅದಲುಬದಲಾದರೂ ಕೆಲವು ಗಾಡಿಗಳಲ್ಲಿ ಬೋಲ್ಟ್ ಸರಿಯಾಗೇ ಕೂರುತ್ತದೆ, ಆದರೆ ನಿಪ್ಪಲ್ ಕೆಳಗಾಗುತ್ತದೆ. ಗಾಳಿ ಮೇಲೆ ಹೋಗಿ ಕೂರುವಂಥದ್ದು, ಕೆಳಗಿನ ತೂತಿನಿಂದ ಅದು ಎಂದೂ ಹೊರಗೆ ಬರುವುದಿಲ್ಲ.

ಕೂರಿಸುವ ಕೆಲಸ ಸಲೀಸು. ಎರಡು ಪಿನ್ ಬೋಲ್ಟ್, ಆಯಿಲ್ ತರುವ ರಬ್ಬರ್ ಪೈಪ್ ಅಂದರೆ ಹೋಸ್‌ನ ಒಂದು ಬೋಲ್ಟ್. ಹೋಸ್ ಬೋಲ್ಟ್‌ನ ಆಚೆ ಈಚೆ ಒಂದೊಂದು ತಾಮ್ರದ ವಾಷರ್ ಇರುತ್ತದೆ. ಎರಡನ್ನೂ ಹೊಸದೇ ಹಾಕಿ. ಹಳೆಯದು ಒಮ್ಮೆ ಒತ್ತಿಸಿಕೊಂಡು ಗಟ್ಟಿಯಾಗಿರುತ್ತದೆ, ಮತ್ತೆ ಸರಿಯಾಗಿ ಕೂರುವುದಿಲ್ಲ. ಬ್ರೇಕ್ ಪ್ಯಾಡ್ ಮಾತ್ರ ಎರಡೂ ಕಡೆ ಬದಲಿಸಿ, ಒಂದೇ ಕಡೆ ಬೇಡ. ಇನ್ನೊಂದು ಮಾತು ನಮ್ಮ ಊರಿನವರಿಗೆ. ನಮ್ಮಲ್ಲಿ ಬಹಳ ಮನೆಗಳ ಅಂಗಳಕ್ಕೆ ಶಹಾಬಾದ್ ಪರ್ಸಿ (ಚಪ್ಪಡಿ ಕಲ್ಲು) ಹಾಸಿರುತ್ತದೆ. ಪಾಲಿಶ್ ಮಾಡಿದ ಪರ್ಸಿ ಮೇಲೆ ಜ್ಯಾಕ್ ಜಾರುತ್ತದೆ. ನಾನು ಕೆಳಗೆ ದಪ್ಪ ಪ್ಲೈವುಡ್ ತುಂಡು ಇಡುತ್ತೇನೆ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡುತ್ತೇನೆ, ಗಾಡಿಯನ್ನು ಸ್ಟ್ಯಾಂಡ್ ಮೇಲೆ ಇಳಿಸಿದ ನಂತರವೇ ಕೈ ಒಳಗೆ ಹಾಕುತ್ತೇನೆ. ಜ್ಯಾಕ್ ಒಂದನ್ನೇ ನಂಬಬೇಡಿ.

ಈಗ ಗಾಳಿಯ ವಿಷಯ. ಹೋಸ್ ಬಿಚ್ಚಿದ ಮೇಲೆ ಲೈನಿನೊಳಗೆ ಗಾಳಿ ಹೋಗೇ ಹೋಗುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಹಾಗಾಗಿ ಪೆಡಲ್ ಮೆತ್ತಗಾಗಿ ಕೆಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ನಾನು ಒಬ್ಬನೇ ಕೆಲಸ ಮಾಡುವವನು. ಅದಕ್ಕೇ ಕೈಪಂಪ್ ತರಿಸಿದ್ದು. ಪಿಸ್ತೂಲಿನ ಹಾಗೆ ಹಿಡಿಕೆ, ಒಂದು ಮೀಟರ್, ಚಿಕ್ಕ ಡಬ್ಬಿ, ಎರಡು ಪೈಪ್. ಪೈಪನ್ನು ನಿಪ್ಪಲ್‌ಗೆ ಸಿಕ್ಕಿಸಿ, ಹಿಡಿಕೆ ಒತ್ತಿ ಗಾಳಿ ಎಳೆದು, ನಿಪ್ಪಲ್ ಕಾಲು ಸುತ್ತು ಬಿಚ್ಚಿದರೆ ಆಯಿಲ್ ಡಬ್ಬಿಗೆ ಬರುತ್ತದೆ. ಗುಳ್ಳೆ ನಿಂತರೆ ಕೆಲಸ ಮುಗಿಯಿತು.

ಗುಳ್ಳೆ ನಿಲ್ಲಲೇ ಇಲ್ಲ. ಬೆಳಿಗ್ಗೆ ಆರಕ್ಕೆ ಶುರು ಮಾಡಿದ್ದೆ. ಏಳಾಯಿತು, ಎಂಟಾಯಿತು. ಪೈಪಿನಲ್ಲಿ ಸಣ್ಣ ಸಣ್ಣ ಗುಳ್ಳೆ ಸಾಲುಗಟ್ಟಿ ಬರುತ್ತಲೇ ಇದ್ದವು. ಹೊಸ ಕ್ಯಾಲಿಪರ್ ಒಡೆದಿದೆಯಾ ಅಂತ ಬಿಚ್ಚಿ ನೋಡಿದೆ. ತಾಮ್ರದ ವಾಷರ್ ಸೋರುತ್ತಿದೆಯಾ ಅಂತ ಒರೆಸಿ ಒರೆಸಿ ನೋಡಿದೆ. ಎಲ್ಲೂ ಹನಿ ಇಲ್ಲ. ಕ್ಯಾಲಿಪರ್ ಮರಳಿಸಿ ಬರೋಣ ಅಂತ ಹೆಂಡತಿಗೆ ಹೇಳಿಯೂ ಬಿಟ್ಟಿದ್ದೆ.

ಕಾರಣ ತಿಳಿದದ್ದು ಆಮೇಲೆ. ನಿಪ್ಪಲ್ ಅಂದರೆ ಒಂದು ಚಿಕ್ಕ ಸ್ಕ್ರೂ. ಅದರ ಚೂಪು ತುದಿ ಒಳಗಡೆ ಕೂತಾಗ ಮಾತ್ರ ದಾರಿ ಮುಚ್ಚಿರುತ್ತದೆ. ಬಿಚ್ಚಿದ ಕೂಡಲೇ ಅದರ ಮರೆಗಳ (ಸ್ಕ್ರೂ ಮೈಮೇಲಿನ ಸುತ್ತುಗೆರೆಗಳ) ಸುತ್ತ ಸಂದು ತೆರೆಯುತ್ತದೆ. ಪಂಪ್ ಎಳೆಯುವಾಗ ಒಳಗಿನ ಆಯಿಲ್ ಜೊತೆಗೆ ಹೊರಗಿನ ಗಾಳಿಯನ್ನೂ ಆ ಮರೆಗಳ ಸಂದಿಯಿಂದ ಎಳೆದುಕೊಳ್ಳುತ್ತದೆ. ಅಂದರೆ ಪೈಪಿನಲ್ಲಿ ಕಾಣುವ ಗುಳ್ಳೆ ಲೈನಿನದ್ದೋ ಹೊರಗಿನದ್ದೋ ಗೊತ್ತಾಗುವುದೇ ಇಲ್ಲ. ಗುಳ್ಳೆ ನೋಡಿ ತೀರ್ಮಾನ ಮಾಡುವ ಕೆಲಸದಲ್ಲಿ ಗುಳ್ಳೆಯನ್ನೇ ನಂಬಲಾಗದಿದ್ದರೆ ಹೇಗೆ ಹೇಳಿ?

ಇದಕ್ಕೆ ಉಪಾಯ ಇದೆ. ನಲ್ಲಿಗೆ ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಮರೆಗಳಿಗೆ ಮಾತ್ರ ಸುತ್ತಬೇಕು, ಚೂಪು ತುದಿಗಾಗಲಿ, ತುದಿಯ ಹತ್ತಿರದ ಚಿಕ್ಕ ತೂತಿಗಾಗಲಿ ತಾಕಬಾರದು. ಬೇರಿಂಗ್‌ಗೆ ಹಾಕುವ ಮಾಮೂಲಿ ಗ್ರೀಸ್ ಹಚ್ಚಲೇಬೇಡಿ, ಅದು ಬ್ರೇಕ್ ರಬ್ಬರನ್ನು ಉಬ್ಬಿಸಿ ಹಾಳು ಮಾಡುತ್ತದೆ. ನಾನು ಟೇಪ್ ಸುತ್ತಿದೆ. ಗುಳ್ಳೆ ಅರ್ಧಕ್ಕರ್ಧ ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

ಅಷ್ಟರಲ್ಲಿ ದೊಡ್ಡ ತಪ್ಪು ಆಗಿಹೋಗಿತ್ತು. ಪಂಪ್ ಆಯಿಲನ್ನು ಭರಭರ ಎಳೆಯುತ್ತದೆ. ಚಿಕ್ಕ ಕಾರುಗಳ ಬಾನೆಟ್ ಒಳಗಿನ ಆಯಿಲ್ ಡಬ್ಬಿಯೂ ಚಿಕ್ಕದು. ಗುಳ್ಳೆ ನೋಡುತ್ತಾ ಕೂತವನು ಬಾನೆಟ್ ಕಡೆ ನೋಡಲೇ ಇಲ್ಲ. ಎದ್ದು ನೋಡಿದರೆ ಡಬ್ಬಿ ಖಾಲಿ, ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೂ ಗಾಳಿ. ಒಂದು ಚಕ್ರದ ಕೆಲಸ ನಾಲ್ಕು ಚಕ್ರದ ಕೆಲಸವಾಯಿತು. ಹಿಂದಿನ ಡ್ರಮ್‌ಗಳ ನಿಪ್ಪಲ್ ವರ್ಷಗಳಿಂದ ಮುಟ್ಟದೆ ತುಕ್ಕು ಹಿಡಿದಿದ್ದವು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಮಧ್ಯಾಹ್ನವೆಲ್ಲ ಬಿಟ್ಟೆ. ಹೊರಗೆ 43 ಡಿಗ್ರಿ ಬಿಸಿಲು, ಪರ್ಸಿ ಮೇಲೆ ಕಾಲಿಡಲು ಆಗುತ್ತಿರಲಿಲ್ಲ.

ಸಂಜೆ ಹೆಂಡತಿಯೇ ಚಪ್ಪಲಿ ಬಿಟ್ಟು ಡ್ರೈವರ್ ಸೀಟಿನಲ್ಲಿ ಕೂತಳು. "ನಾ ಒತ್ತತೀನಿ, ನೀವು ಹೇಳ್ರಿ" ಅಂದಳು. ಒಂದೂವರೆ ತಾಸಿನಲ್ಲಿ ನಾಲ್ಕೂ ಚಕ್ರ ಮುಗಿಯಿತು.

ಅದು ಹೇಗೆ ಅಂದರೆ, ಅಕ್ವೇರಿಯಂಗೆ ಹಾಕುವ ತೆಳು ಪಾರದರ್ಶಕ ಪೈಪ್ ತಂದಿದ್ದೆ, ಮೂವತ್ತು ರೂಪಾಯಿಯದ್ದು. ಒಂದು ತುದಿ ನಿಪ್ಪಲ್‌ಗೆ, ಇನ್ನೊಂದು ತುದಿ ನೀರಿನ ಬಾಟಲಿಯಲ್ಲಿ ಹಾಕಿದ ಸ್ವಲ್ಪ ಹೊಸ ಆಯಿಲ್‌ನಲ್ಲಿ ಮುಳುಗಿರಬೇಕು. ಎಂಜಿನ್ ಬಂದ್. ನಾನು "ಒತ್ತು" ಅಂದರೆ ಅವಳು ನಿಧಾನವಾಗಿ ಮೂರು ನಾಲ್ಕು ಸಲ ಒತ್ತಿ, ಕೊನೆಯ ಸಲ ಒತ್ತಿ ಹಿಡಿಯುತ್ತಾಳೆ. "ಹಿಡದೀನ್ರಿ" ಅನ್ನುತ್ತಾಳೆ. ಆಗ ನಾನು ಪಾನಾದಿಂದ ನಿಪ್ಪಲ್ ಕಾಲು ಸುತ್ತು ಬಿಚ್ಚುತ್ತೇನೆ. ಆಯಿಲ್ ಬುಳುಬುಳು ಅಂತ ಬರುತ್ತದೆ, ಪೆಡಲ್ ಕೆಳಗಿಳಿಯುತ್ತದೆ. ನಿಪ್ಪಲ್ ಬಿಗಿ ಮಾಡಿ "ಬಿಡು" ಅಂದ ಮೇಲೆಯೇ ಅವಳು ಕಾಲು ಎತ್ತಬೇಕು. ಮೊದಲೇ ಎತ್ತಿದರೆ ಹೋದ ಗಾಳಿ ವಾಪಸ್ ಬರುತ್ತದೆ. ಈ ಮೂರು ಮಾತು ಬಿಟ್ಟು ಆ ಹೊತ್ತಿನಲ್ಲಿ ಬೇರೆ ಮಾತು ಬೇಡ. ಮಧ್ಯದಲ್ಲಿ ಫೋನ್ ಬಂದರೂ ಎತ್ತಬೇಡಿ.

ಇಲ್ಲಿ ಆಯಿಲ್ ಒಳಗಿನಿಂದ ಒತ್ತಡದಲ್ಲಿ ಹೊರಗೆ ಬರುತ್ತದೆ. ಮರೆಗಳ ಸಂದಿಯಿಂದ ಗಾಳಿ ಒಳಗೆ ಬರಲು ಜಾಗವೇ ಇಲ್ಲ. ಕಂಡ ಗುಳ್ಳೆ ಲೈನಿನದ್ದೇ, ನಿಂತರೆ ನಿಂತಂತೆಯೇ. ನನಗೆ ಇದು ಹಿಡಿಸಿದ್ದು ಅದಕ್ಕೇ.

ಒಂದು ಎಚ್ಚರಿಕೆ ಮಾತ್ರ ಬಹಳ ಮುಖ್ಯ. ಹಳೆಯ ಗಾಡಿಯಲ್ಲಿ ಪೆಡಲನ್ನು ತಳಕ್ಕೆ ತಾಗುವವರೆಗೆ ಒತ್ತಬೇಡಿ. ಮಾಸ್ಟರ್ ಸಿಲಿಂಡರ್‌ನ ರಬ್ಬರ್ ದಿನವೂ ಓಡಾಡುವ ಜಾಗ ನುಣುಪಾಗಿರುತ್ತದೆ, ಅದರಾಚೆಯ ಜಾಗದಲ್ಲಿ ತುಕ್ಕು, ಕೊಳೆ ಕೂತಿರುತ್ತದೆ. ಅಲ್ಲಿವರೆಗೆ ಹೋದ ರಬ್ಬರ್ ಗೀರಿ ಹರಿಯಬಹುದು. ಆಮೇಲೆ ಮಾಸ್ಟರ್ ಸಿಲಿಂಡರ್ ಖರ್ಚು ಬೇರೆ. ನಾವು ಪೆಡಲ್ ಕೆಳಗೆ ಎರಡು ಇಂಚಿನ ಕಟ್ಟಿಗೆ ತುಂಡು ಇಡುತ್ತೇವೆ. ಪ್ರತಿ ನಾಲ್ಕೈದು ಸುತ್ತಿಗೊಮ್ಮೆ ಎದ್ದು ಆಯಿಲ್ ಡಬ್ಬಿ ತುಂಬಿಸುತ್ತೇನೆ. ಆ ಪಾಠಕ್ಕೆ ಒಂದು ಬಾಟಲಿ ಆಯಿಲ್ ಕೊಟ್ಟಾಗಿದೆ.

ನಾಲ್ಕೂ ಚಕ್ರ ಮಾಡಬೇಕಾದಾಗ ನಾನು ಮಾಸ್ಟರ್ ಸಿಲಿಂಡರ್‌ಗೆ ದೂರದ್ದರಿಂದ ಶುರು ಮಾಡಿದೆ. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಕೆಲವು ಗಾಡಿಗಳಿಗೆ ಕ್ರಮ ಬೇರೆ ಇರುತ್ತದೆ, ಗಾಡಿಯ ಪುಸ್ತಕ ನೋಡಿ. ಎಬಿಎಸ್ ಇರುವ ಗಾಡಿಯಲ್ಲಿ ಡಬ್ಬಿ ಖಾಲಿಯಾಗಿ ಎಬಿಎಸ್ ಯೂನಿಟ್ ಒಳಗೆ ಗಾಳಿ ಸೇರಿದರೆ ಅದನ್ನು ತೆಗೆಯಲು ಬಹಳ ಸಲ ಗಾಡಿಯ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಬೇಕಾಗುತ್ತದೆ. ಅಂಥ ಗಾಡಿಯಾದರೆ ಮನೆಯಲ್ಲಿ ಎಳೆದಾಡಬೇಡಿ, ಗ್ಯಾರೇಜಿಗೆ ಒಯ್ಯಿರಿ.

ಆಯಿಲ್ ಬಗ್ಗೆ ಜಗಳ ಬೇಡ, ಡಬ್ಬಿಯ ಮುಚ್ಚಳದ ಮೇಲೆ ಏನು ಬರೆದಿದೆಯೋ ಅದನ್ನೇ ಹಾಕಿ. ನಮ್ಮದಕ್ಕೆ ಡಾಟ್ 3 ಅನ್ನುವ ದರ್ಜೆಯದ್ದು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಆದರೆ ಈ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತೇವ ಹೀರಿದ ಡಾಟ್ 3ಕ್ಕೆ ಆ ಅಂಕಿ 140ಕ್ಕೆ ಇಳಿಯುತ್ತದೆ. ಹಾಗಾಗಿ ಬಿಚ್ಚಿದ ಬಾಟಲಿಯನ್ನು ಮುಂದಿನ ವರ್ಷಕ್ಕೆ ಅಂತ ಎತ್ತಿಡಬೇಡಿ. ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿದು ತೊಳೆಯಿರಿ, ಇಲ್ಲವಾದರೆ ಪೇಂಟ್ ಎದ್ದು ಬರುತ್ತದೆ.

ಇನ್ನು ತುದಿಯಲ್ಲಿ ವಾಲ್ವ್ ಇರುವ ಪೈಪ್. ಇನ್ನೂರೈವತ್ತು ರೂಪಾಯಿ. ಆಯಿಲ್ ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ, ಹಾಗಾಗಿ ಒಬ್ಬರೇ ಮಾಡಬಹುದು. ದಸರಾ ರಜೆಯಲ್ಲಿ ಮನೆಯವರೆಲ್ಲ ಊರಿಗೆ ಹೋಗಿದ್ದಾಗ ಇದರಲ್ಲೇ ಆಯಿಲ್ ಬದಲಿಸಿದೆ. ಕೆಲಸ ಆಯಿತು. ಆದರೆ ಪೆಡಲ್ ಹತ್ತಿರ ಕೂತವನಿಗೆ ಪೈಪ್ ಕಾಣುವುದಿಲ್ಲ. ಐದು ಸಲ ಒತ್ತು, ಇಳಿ, ನೋಡು, ಮತ್ತೆ ಗಾಡಿ ಹತ್ತು. ಮೊಣಕಾಲು ನೋವಿರುವವರಿಗೆ ಕಷ್ಟ.

ಸುಮ್ನೆ ನಿಪ್ಪಲ್ ಬಿಚ್ಚಿ ಆಯಿಲ್ ತಾನಾಗೇ ಹನಿಯಲು ಬಿಡುವ ಪದ್ಧತಿಯೂ ಇದೆ. ಖರ್ಚಿಲ್ಲ, ಒಂದು ಚಕ್ರಕ್ಕೆ ಅರ್ಧ ತಾಸಿಗೂ ಜಾಸ್ತಿ ಹಿಡಿಯಿತು. ಮೂಲೆಯಲ್ಲಿ ಅಂಟಿದ ಗುಳ್ಳೆ ಇದಕ್ಕೆ ಜಗ್ಗುವುದಿಲ್ಲ. ಹೊಸ ಕ್ಯಾಲಿಪರ್ ಹಾಕಿದ ಕೂಡಲೇ ಮೊದಲು ಹೀಗೆ ಹತ್ತು ನಿಮಿಷ ಹನಿಯಲು ಬಿಟ್ಟರೆ ಒಳಗೆ ಆಯಿಲ್ ತುಂಬಿಕೊಳ್ಳುತ್ತದೆ, ಆಮೇಲೆ ಪೆಡಲ್ ಒತ್ತುವ ಕೆಲಸ ಕಡಿಮೆ. ಅಷ್ಟಕ್ಕೆ ಚಲೋ.

ಮನೆಯಲ್ಲಿ ಕಾಲು ಕೊಡುವವರು ಒಬ್ಬರಿದ್ದರೆ ಪೆಡಲ್ ಪದ್ಧತಿಯನ್ನೇ ಹಿಡಿಯಿರಿ, ಖರ್ಚು ಮೂವತ್ತು ರೂಪಾಯಿ. ಒಬ್ಬರೇ ಇರುವವರು ವಾಲ್ವ್ ಪೈಪ್ ತಗೊಳ್ಳಿ. ವರ್ಷಕ್ಕೆ ಒಂದೋ ಎರಡೋ ಸಲ ಮುಟ್ಟುವ ಕೆಲಸಕ್ಕೆ ಪಂಪ್‌ಗೆ ದುಡ್ಡು ಹಾಕಬೇಡಿ. ನನ್ನ ಪಂಪ್ ಈಗ ಒಂದೇ ಕೆಲಸಕ್ಕೆ, ಮೇಲಿನ ಡಬ್ಬಿಯ ಹಳೆಯ ಕಪ್ಪು ಆಯಿಲ್ ಎಳೆಯಲು. ಅದನ್ನು ಮಾತ್ರ ಚೆನ್ನಾಗಿ ಮಾಡುತ್ತದೆ.

ಯಾವ ಪದ್ಧತಿಯಲ್ಲಿ ಮಾಡಿದರೂ ಕೊನೆಗೆ ಎಂಜಿನ್ ಚಾಲೂ ಮಾಡಿ ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಚಾಲೂ ಆದಾಗ ಒಂದಿಷ್ಟು ಇಳಿಯುವುದು ಸಹಜ, ಆಮೇಲೂ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ. ಅವತ್ತು ರಾತ್ರಿ ಎಂಟಕ್ಕೆ ನಮ್ಮ ಓಣಿಯಲ್ಲಿ ನಡಿಗೆಯ ವೇಗದಲ್ಲಿ ನಾಲ್ಕು ಸುತ್ತು ಹೊಡೆದೆವು. ಪಕ್ಕದಲ್ಲಿ ಹೆಂಡತಿ ಕೂತಿದ್ದಳು, ಪ್ರತಿ ಸಲ ನಿಂತಾಗಲೂ ಇಳಿದು ಟಾರ್ಚ್ ಹಾಕಿ ನಿಪ್ಪಲ್ ಒಣಗಿದೆಯಾ ಅಂತ ನೋಡಿದೆವು. ಬೆಳಿಗ್ಗೆ ಸೇಡಂ ದಾರಿ ಹಿಡಿದಾಗ ಸ್ಟೀರಿಂಗ್ ನೆಟ್ಟಗಿತ್ತು.