ಒಂದು ಕಾಮಾಗಾಗಿ ಬರೆದ ಕ್ಲಾಸ್: ಆರ್‌ನ ಎಸ್3 ಜೊತೆ ನಾಲ್ಕು ವರ್ಷ

ನಾನು ಅಂಕಿಅಂಶದ ಕೆಲಸಕ್ಕಿರುವ ಪ್ರೋಗ್ರಾಮಿಂಗ್ ಭಾಷೆ ಆರ್‌ನಲ್ಲಿ ಸ್ವಂತ ಕ್ಲಾಸ್ (ಮಾಹಿತಿ ಯಾವ ಬಗೆಯದು ಅಂತ ಹೇಳುವ ಗುರುತು) ಬರೆಯಲು ಕೂತಿದ್ದು ಒಂದು ಕಾಮಾಗಾಗಿ. ಪುಣೆಯ ಕರ್ವೆ ರಸ್ತೆಯ ಒಂದು ಸಣ್ಣ ಆಫೀಸಿನಲ್ಲಿ ಸಾಲ, ಠೇವಣಿಗಳ ಅಂಕಿಅಂಶ ನೋಡುವುದು ನನ್ನ ಕೆಲಸ. ಆರ್ ತೋರಿಸುತ್ತಿದ್ದದ್ದು 1,234,567. ನಮ್ಮ ಮ್ಯಾನೇಜರ್ ಕನ್ನಡಕ ಹಣೆಗೇರಿಸಿ "ಹಾ ಆಕಡಾ ಕಸಾ ವಾಚಾಯಚಾ?" (ಈ ಅಂಕಿ ಓದುವುದು ಹೇಗೆ?) ಎಂದು ಮರಾಠಿಯಲ್ಲಿ ಪ್ರತಿ ಸಲ ಕೇಳುತ್ತಿದ್ದರು. ತಪ್ಪು ಅವರದಲ್ಲ. ಹನ್ನೆರಡು ಲಕ್ಷ ಅಂತ ಕಣ್ಣಿಗೆ ಬೀಳಬೇಕಾದರೆ 12,34,567 ಅಂತಲೇ ಇರಬೇಕು. ಎಷ್ಟು ಅಂಕಿಗೊಂದು ಕಾಮಾ ಅಂತ ಆರ್‌ಗೆ ಹೇಳಬಹುದು. ಮೊದಲು ಮೂರು, ಆಮೇಲೆ ಎರಡೆರಡು ಅಂದರೆ ಅದಕ್ಕೆ ಗೊತ್ತಾಗುವುದಿಲ್ಲ.

ಆರ್‌ನಲ್ಲಿ ಕ್ಲಾಸ್ ಕಟ್ಟುವ ಸರಳ ಪದ್ಧತಿಗೆ ಎಸ್3 ಅಂತ ಹೆಸರು. ಅದರಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ. ಸಾಲಾಗಿ ಜೋಡಿಸಿದ ಸಂಖ್ಯೆಗಳ ಪಟ್ಟಿ, ಅಂದರೆ ವೆಕ್ಟರ್‌ಗೆ 'ರೂಪಾಯಿ' ಅಂತ ಒಂದು ಚೀಟಿ ಅಂಟಿಸಿದೆ, ಅದೇ ಹೆಸರಲ್ಲಿ ಫಾರ್ಮ್ಯಾಟ್, ಪ್ರಿಂಟ್ ಅಂತ ಎರಡು ಫಂಕ್ಷನ್ ಬರೆದೆ. ಮುಗಿಯಿತು. ಅಂದಿನಿಂದ ಬೆಳಿಗ್ಗೆ ಎಂಟೂವರೆಗೆ, ಬೇರೆ ಯಾರೂ ಬರುವ ಮೊದಲು, ನನ್ನದೊಂದು ಪೂಜೆ. ಫ್ಲಾಸ್ಕಿನ ಕಾಫಿ ಮುಚ್ಚಳಕ್ಕೆ ಬಗ್ಗಿಸಿಕೊಂಡು, ಹಿಂದಿನ ದಿನದ ಫೈಲ್ ಓದಿಸಿ, ವೆಕ್ಟರ್‌ನ ಹೆಸರು ಟೈಪ್ ಮಾಡಿ ಎಂಟರ್ ಒತ್ತುವುದು. ಪ್ರಿಂಟ್ ಮಾಡು ಅಂತ ಹೇಳುವುದೂ ಬೇಡ. ಚೀಟಿ ನೋಡಿ ಆರ್ ತಾನೇ ನನ್ನ ಫಂಕ್ಷನ್ ಹುಡುಕಿಕೊಂಡು ಹೋಗುತ್ತದೆ. ₹ ಚಿಹ್ನೆ, ಲಕ್ಷದ ಕಾಮಾ, ಬಲಕ್ಕೆ ಒತ್ತಿ ನಿಂತ ಅಂಕಿಗಳು. ಕಾಫಿ ಆರುವವರೆಗೂ ನೋಡುತ್ತ ಕೂತದ್ದುಂಟು.

ಆಮೇಲೆ ಚೀಟಿ ಉದುರತೊಡಗಿತು. ಚೌಕ ಬ್ರ್ಯಾಕೆಟ್ ಹಾಕಿ ಮೊದಲ ಹತ್ತು ಕೇಳಿದರೆ ಬರೀ ಸಂಖ್ಯೆ. ಎರಡು ವೆಕ್ಟರ್ ಜೋಡಿಸಿದರೆ ಬರೀ ಸಂಖ್ಯೆ. ಮೊತ್ತ ತೆಗೆದರೂ ಅಷ್ಟೇ. ಒಂದೊಂದಕ್ಕೂ ಒಂದೊಂದು ಮೆಥಡ್ (ಈ ಕ್ಲಾಸಿಗೆಂದೇ ಇರುವ ಫಂಕ್ಷನ್) ಬರೆದು ತೇಪೆ ಹಾಕಿದೆ. ಎಂಟು ಸಾಲಿದ್ದ ಫೈಲು ಅರವತ್ತಾಯಿತು.

ಉದುರುವುದನ್ನಾದರೂ ಸಹಿಸಬಹುದು. ಉದುರಬೇಕಾದಲ್ಲಿ ಅಂಟಿಕೊಂಡು ಕೂರುತ್ತದಲ್ಲ, ನನ್ನ ಮಾನ ಹೋದದ್ದು ಅದರಿಂದ. ಕೂಡು, ಕಳೆ, ಗುಣಿಸು, ಭಾಗಿಸು ಏನೇ ಮಾಡಿದರೂ ಆರ್ ಚೀಟಿಯನ್ನು ಉತ್ತರಕ್ಕೂ ಅಂಟಿಸುತ್ತದೆ. ವಸೂಲಾಗದ ಸಾಲವನ್ನು ಒಟ್ಟು ಸಾಲದಿಂದ ಭಾಗಿಸಿದೆ. ಬರಬೇಕಾದದ್ದು 0.07ರಂಥ ಅನುಪಾತ. ಅದಕ್ಕೂ ರೂಪಾಯಿ ಚೀಟಿ ಬಿತ್ತು. ನನ್ನ ಫಾರ್ಮ್ಯಾಟ್ ಪೈಸೆಯನ್ನು ತೆಗೆದುಹಾಕುತ್ತದೆ. ಹಾಗಾಗಿ ಇಡೀ ಕಾಲಮ್ಮಿಗೆ ₹0, ₹0, ₹0. ಒಂದು ಸಾಲವೂ ಮುಳುಗಿಲ್ಲ ಅನ್ನುವ ಹಾಗೆ! ಮ್ಯಾನೇಜರ್ ಖುಷಿಯಾಗಿ ಚಹಾ ತರಿಸಿದರು. ವಿಜಯಪುರದಿಂದ ಹೊಸದಾಗಿ ಬಂದ ಹುಡುಗ ನನ್ನ ಕಿವಿಯ ಹತ್ತಿರ ಬಗ್ಗಿ, "ಸರ್ರ, ಅನುಪಾತಕ್ಕ ರೂಪಾಯಿ ಯಾಕ ಬಂತ್ರೀ?" ಅಂದ. ಚಹಾ ಗಂಟಲಲ್ಲೇ ನಿಂತಿತು.

ಆ ವಾರ ಎಸ್3 ಮೇಲೆ ವಿಪರೀತ ಸಿಟ್ಟು. ಆದರೆ ಅಗೆದಷ್ಟೂ ಗೊತ್ತಾಗಿದ್ದೇನೆಂದರೆ, ಈ ಗೋಳು ಆರ್‌ನ ಮನೆಮಕ್ಕಳನ್ನೂ ಬಿಟ್ಟಿಲ್ಲ. 2021ರಲ್ಲಿ ಆರ್‌ನ 4.1.0 ಆವೃತ್ತಿ ಬರುವವರೆಗೆ ಎರಡು ಫ್ಯಾಕ್ಟರ್ (ವರ್ಗಗಳ ಹೆಸರು ಹೊತ್ತ ವೆಕ್ಟರ್) ಜೋಡಿಸಿದರೆ ಹೆಸರುಗಳು ಹೋಗಿ ಒಳಗಿನ ಕೋಡ್ ಸಂಖ್ಯೆಗಳು ಹೊರಬರುತ್ತಿದ್ದವು. ತಾರೀಖಿನ ಡೇಟ್ ಕ್ಲಾಸನ್ನು, 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಅಂತ ಆರಿಸುವ ಇಫ್‌ಎಲ್ಸ್ ಮೂಲಕ ಹಾಯಿಸಿದರೆ ಇವತ್ತಿಗೂ 2024ರ ಜನವರಿ 1 ಹೋಗಿ 19723 ಬರುತ್ತದೆ. 1970ರ ಜನವರಿ 1ರಿಂದ ಎಣಿಸಿದ ದಿನಗಳು. ಅವರದೇ ತಾರೀಖಿನ ಗತಿ ಹೀಗಿರುವಾಗ ನನ್ನ ರೂಪಾಯಿ ಯಾವ ಲೆಕ್ಕ?

ದೀಪಾವಳಿ ರಜೆಯಲ್ಲಿ ಊರಿಗೆ ಹೋಗದೆ, ಸ್ವರಗಳನ್ನು ನುಂಗಿ ಹೆಸರು ಬರೆದುಕೊಳ್ಳುವ 'ವೆಕ್ಟರ್ಸ್' (vctrs) ಅನ್ನುವ, ಆರ್‌ಗೆ ಜೋಡಿಸಿಕೊಳ್ಳುವ ಪ್ಯಾಕೇಜ್ ಮೇಲೆ ಅದೇ ಕ್ಲಾಸನ್ನು ಮತ್ತೆ ಕಟ್ಟಿದೆ. ಮಹಾ ಮಡಿವಂತ ಅದು. ರೂಪಾಯಿಗೆ ರೂಪಾಯಿ ಕೂಡಿಸಲೂ, ಬರೆದುಕೊಡುವ ತನಕ, ಬಿಡಲಿಲ್ಲ. ಭಾಗಿಸಿದರೆ ಬರೀ ಸಂಖ್ಯೆ ಕೊಡು ಅಂತ ಬರೆದೆ. ಗುಣಿಸುವುದರ ಬಗ್ಗೆ ಏನೂ ಬರೆಯಲಿಲ್ಲ, ಹಾಗಾಗಿ ಈಗ ಯಾರಾದರೂ ರೂಪಾಯಿಗೆ ರೂಪಾಯಿ ಗುಣಿಸಿದರೆ ಬೈಸಿಕೊಳ್ಳುತ್ತಾರೆ. ಬ್ರ್ಯಾಕೆಟ್ ಹಾಕಿದರೂ ಮೊತ್ತ ತೆಗೆದರೂ ಚೀಟಿ ಅಲ್ಲಾಡುವುದಿಲ್ಲ. ಎರಡು ದಿನ ಹೋಯಿತು, ದುಡ್ಡು ಹೋಗಲಿಲ್ಲ. ವರ್ಷಕ್ಕೊಮ್ಮೆ ಲೈಸೆನ್ಸಿಗೆ ಕೈಚಾಚುವ ಸಾಫ್ಟ್‌ವೇರ್ ಕೊಡಿಸುವ ಆಫೀಸು ನಮ್ಮದಲ್ಲ.

ಆಫೀಸಿಗೆ ಈಗ ಅದೇ. ಹಳೆಯ ಅರವತ್ತು ಸಾಲನ್ನು ಅಳಿಸಲು ಮನಸ್ಸಾಗದೆ ಮನೆಯ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದೇನೆ. ಬಾಡಿಗೆ, ಹಾಲು, ಗ್ಯಾಸ್; ಭಾಗಾಕಾರದ ಗೊಡವೆ ಇಲ್ಲದ ಲೆಕ್ಕ. ಮೊನ್ನೆ ಮಗಳ ಕಾಲೇಜು ಫೀಸು ಸೇರಿಸಿ ಎಂಟರ್ ಒತ್ತಿದೆ. ₹1,20,000. ಕಾಮಾ ಸರಿಯಾದ ಜಾಗದಲ್ಲೇ ಇತ್ತು.