ಸಯಾಟಿಕಾ ಇದ್ದವರು ಯಾವುದರ ಮೇಲೆ ಕೂರಬೇಕು: ದಿಂಬು, ಮಣೆ, ಸ್ಕೂಟರು, ಮೆಟ್ರೊ – ಒಂದು ಹೋಲಿಕೆ

ಸಯಾಟಿಕಾಗೆ, ಅಂದರೆ ಸಯಾಟಿಕ್ ನರ ಒತ್ತಿಸಿಕೊಂಡು ಕಾಲಿಗೆ ಇಳಿಯುವ ಸೆಳೆತಕ್ಕೆ, ಯಾವ ದಿಂಬು ಒಳ್ಳೇದು ಅಂತ ಕೇಳುವ ಮೊದಲು ನರ ಎಲ್ಲಿ ಸಿಕ್ಕಿಕೊಂಡಿದೆ ಅಂತ ಕೇಳಬೇಕು. ಸಯಾಟಿಕ್ ನರ ಬೆನ್ನಿನ ಕೆಳತುದಿಯಿಂದ ಹೊರಟು, ಪೃಷ್ಠದ ಆಳದಲ್ಲಿರುವ ಪಿರಿಫಾರ್ಮಿಸ್ ಎಂಬ ಚಿಕ್ಕ ಸ್ನಾಯುವಿನ ಅಡಿಯಲ್ಲಿ ನುಸುಳಿ, ತೊಡೆಯ ಹಿಂದಿನಿಂದ ಪಾದದವರೆಗೆ ಇಳಿಯುತ್ತದೆ. ಕೆಲವರಲ್ಲಿ ಹುಟ್ಟಿನಿಂದಲೇ ನರದ ಒಂದು ಭಾಗ ಆ ಸ್ನಾಯುವಿನ ನಡುವಿನಿಂದಲೇ ಹಾದುಹೋಗಿರುತ್ತದೆ. ಸೊಂಟದ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿ ನರದ ಬೇರನ್ನು ಒತ್ತಿದರೂ ಕಾಲು ಸೆಳೆಯುತ್ತದೆ, ಪಿರಿಫಾರ್ಮಿಸ್ ಬಿಗಿದು ಒತ್ತಿದರೂ ಕಾಲು ಸೆಳೆಯುತ್ತದೆ. ಆದರೆ ಮೊದಲನೆಯದಕ್ಕೆ ಹಿತವಾದ ಸೀಟು ಎರಡನೆಯದಕ್ಕೆ ಹಿತವಾಗಬೇಕೆಂದಿಲ್ಲ. ಅಂಗಡಿಯವರು ಎರಡಕ್ಕೂ ಒಂದೇ ದಿಂಬು ತೋರಿಸುತ್ತಾರೆ, ತೊಂದರೆ ಶುರುವಾಗುವುದು ಅಲ್ಲಿಂದ.

ಸ್ಥೂಲವಾಗಿ ಗುರುತು ಹಿಡಿಯುವುದು ಹೀಗೆ. ಕೆಮ್ಮಿದರೆ, ಸೀನಿದರೆ, ಬಕೆಟ್ ಎತ್ತಲು ಬಗ್ಗಿದರೆ ಕಾಲಿಗೆ ಮಿಂಚು ಹೊಡೆದಂತಾಗುವುದು, ಬೆನ್ನೂ ಜೊತೆಗೆ ನೋಯುವುದು, ಅಂಗಾತ ಮಲಗಿ ಮಂಡಿ ಮಡಿಸದೆ ಕಾಲೆತ್ತಿದರೆ ಅರ್ಧಕ್ಕೇ ತಡೆಯುವುದು ಡಿಸ್ಕ್ ಕಡೆಯ ಲಕ್ಷಣ. ಬೆನ್ನು ಅಷ್ಟಾಗಿ ನೋಯದೆ ಪೃಷ್ಠದ ನಟ್ಟನಡುವೆ ಒಂದು ಜಾಗ ಒತ್ತಿದರೆ ಜೀವ ಹೋಗುವಂತಾಗುವುದು, ಅರ್ಧ ಗಂಟೆ ಕೂತರೆ ಏರುವುದು, ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಇಳಿಯುವುದು ಪಿರಿಫಾರ್ಮಿಸ್ ಕಡೆಯ ಲಕ್ಷಣ. ಹೆಚ್ಚಿನವರಲ್ಲಿ ಕಾರಣ ಡಿಸ್ಕೇ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ಹಾಗಾಗಿ ಕೊನೆಯ ಮಾತು ಕೈಯಿಟ್ಟು ಪರೀಕ್ಷಿಸಿದ ಮೂಳೆ ವೈದ್ಯರದ್ದು ಅಥವಾ ಫಿಸಿಯೊ ಅವರದ್ದು. ಮೂತ್ರ, ಮಲದ ಹಿಡಿತ ತಪ್ಪಿದರೆ, ತೊಡೆಸಂದಿನ ಸುತ್ತ ಮರಗಟ್ಟಿದರೆ, ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ಜಾರಿಹೋಗುತ್ತಿದ್ದರೆ ದಿಂಬಿನ ವಿಚಾರ ಅಲ್ಲೇ ಬಿಟ್ಟು ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ.

ಇಲ್ಲಿ ಹೋಲಿಸಿರುವ ಪ್ರತಿಯೊಂದಕ್ಕೂ ಬಳಸಿದ ಅಳತೆಗೋಲು ಒಂದೇ. ಕೂತ ಕೂಡಲೇ ಎಷ್ಟು ಹಿತ ಅನ್ನುವುದು ಲೆಕ್ಕಕ್ಕಿಲ್ಲ, ಏಕೆಂದರೆ ಮೊದಲ ಐದು ನಿಮಿಷ ಎಲ್ಲ ಫೋಮೂ ಸ್ವರ್ಗವೇ. ನಲವತ್ತು ನಿಮಿಷ ಕೂತು ಏಳುವಾಗ ನೋವು ಎಲ್ಲಿದೆ ಅನ್ನುವುದನ್ನು ನೋಡಬೇಕು. ಮೀನಖಂಡದಲ್ಲಿದ್ದದ್ದು ಪೃಷ್ಠಕ್ಕೆ, ಪೃಷ್ಠದಲ್ಲಿದ್ದದ್ದು ಸೊಂಟಕ್ಕೆ ಏರಿದ್ದರೆ ಸೀಟು ಸರಿಯಿದೆ, ಸೊಂಟದಲ್ಲಿ ಸ್ವಲ್ಪ ಜಾಸ್ತಿ ನೋಯುತ್ತಿದ್ದರೂ ಸರಿ. ನೋವು ಕಡಿಮೆಯಾದಂತೆ ಅನ್ನಿಸಿ ಕಾಲ್ಬೆರಳ ತುದಿ ಜೋಮು ಹಿಡಿದಿದ್ದರೆ ಆ ಸೀಟು ಬೇಡ.

ನಾಲ್ಕು ದಿಂಬು

ನಡುವೆ ತೂತಿರುವ ಉಂಗುರದ ದಿಂಬನ್ನು ಮೆಡಿಕಲ್ ಸ್ಟೋರಿನಲ್ಲಿ ಮೊದಲು ತೆಗೆದುಕೊಡುತ್ತಾರೆ. ಅದು ಮೂಲವ್ಯಾಧಿಗೆ, ಹೆರಿಗೆಯ ಹೊಲಿಗೆಗೆ ಮಾಡಿದ್ದು. ನಡುವೆ ಭಾರ ಹೊರಲು ಏನೂ ಇಲ್ಲದ್ದರಿಂದ ಮೈಭಾರವೆಲ್ಲ ಅಂಚಿನ ಮೇಲೆ ಬೀಳುತ್ತದೆ, ಆ ಅಂಚು ಬಂದು ಕೂರುವುದು ಹೆಚ್ಚುಕಮ್ಮಿ ಪಿರಿಫಾರ್ಮಿಸ್ ಇರುವ ಜಾಗದಲ್ಲೇ. ನಾಲ್ಕರಲ್ಲಿ ಕೊನೆಯ ಸ್ಥಾನ ಇದಕ್ಕೆ, ಎರಡೂ ಬಗೆಯವರಿಗೆ.

ಹಿಂಬದಿಯಲ್ಲಿ ಕುದುರೆ ಲಾಳದಂತೆ ಕತ್ತರಿಸಿದ ದಿಂಬು ಬಾಲಮೂಳೆಯ ಮೇಲಿನ ಒತ್ತಡ ತೆಗೆಯುತ್ತದೆ. ಪಿರಿಫಾರ್ಮಿಸ್‌ನವರಿಗೆ ತಕ್ಕಮಟ್ಟಿಗೆ ಹೊಂದುತ್ತದೆ, ಆದರೆ ಮೂರು ಕಡೆ ಎಡವಟ್ಟಾಗುತ್ತದೆ. ಸೀಳು ಹಿಂದಕ್ಕೆ ಬರಬೇಕು. ಬಹಳ ಜನ ಮುಂದಕ್ಕೆ ಮಾಡಿ ಕೂರುತ್ತಾರೆ. ಎರಡನೆಯದು ಫೋಮು. ಮೆಮರಿ ಫೋಮ್ ಬಿಸಿಗೆ ಮೆತ್ತಗಾಗುವ ಜಾತಿ, ಡಿಸೆಂಬರ್ ಬೆಳಿಗ್ಗೆ ಹಲಗೆಯಂತಿದ್ದು ಮಧ್ಯಾಹ್ನದ ಹೊತ್ತಿಗೆ ಮೈಬಿಸಿಗೆ ಕುಸಿಯುತ್ತದೆ. ಕೊಳ್ಳುವಾಗ ಮುಷ್ಟಿಯಿಂದ ಪೂರ್ತಿ ಭಾರ ಹಾಕಿ ಒತ್ತಿ ನೋಡಿ, ಕೆಳಗಿನ ಗಟ್ಟಿ ತಳ ಕೈಗೆ ತಾಕಿದರೆ ನಿಮ್ಮ ತೂಕಕ್ಕೆ ಅದು ಸಾಲದು. ಬೆಂಗಳೂರಿನ ಜೆ.ಸಿ. ರಸ್ತೆಯ ಸೀಟು ಕವರ್ ಅಂಗಡಿಗಳ ಕಡೆ ವಿಚಾರಿಸಿ 40 ಡೆನ್ಸಿಟಿಯ ಎರಡಿಂಚು ಫೋಮ್ ಕತ್ತರಿಸಿಸಿಕೊಂಡು ಬಟ್ಟೆ ಹೊಲಿಸಿದರೆ ಬ್ರಾಂಡಿನ ದಿಂಬಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಮೂರನೆಯ ಎಡವಟ್ಟು ಎಲ್ಲ ದಿಂಬಿಗೂ ಅನ್ವಯಿಸುತ್ತದೆ, ಯಾರೂ ಗಮನಿಸುವುದಿಲ್ಲ. ಎರಡಿಂಚು ದಿಂಬು ಹಾಕಿದಿರಿ ಅಂದರೆ ನೀವು ಹೆಚ್ಚುಕಮ್ಮಿ ಅಷ್ಟೇ ಮೇಲೇರಿದಿರಿ. ಪಾದ ನೆಲ ಬಿಟ್ಟಿತು, ಸೀಟಿನ ಮುಂದಿನ ಅಂಚು ತೊಡೆಯ ಹಿಂಬದಿಗೆ ಒತ್ತಿತು, ಆ ನರ ಇಳಿಯುವುದೂ ಅಲ್ಲೇ. ಮೇಜು, ಕೈಯಾಸರೆ ತಗ್ಗಾದವು, ಮಾನಿಟರ್ ಇನ್ನೂ ತಗ್ಗಾಯಿತು, ಬೆನ್ನು ಬಾಗಿತು. ದಿಂಬು ಹಾಕಿದ ಮೇಲೆ ಕುರ್ಚಿಯನ್ನು ಅಷ್ಟೇ ಇಳಿಸಬೇಕು. ಇಳಿಯದ ಕುರ್ಚಿಯಾದರೆ ಕಾಲಡಿಗೆ ಎ4 ಕಾಗದದ ಒಂದು ಬಂಡಲ್ ಇಡಿ, ಸುಮಾರು ಎರಡಿಂಚು ಎತ್ತರ ಸಿಗುತ್ತದೆ.

ಇಳಿಜಾರು ದಿಂಬು, ಅಂದರೆ ಹಿಂದೆ ಎರಡೂವರೆ ಮೂರು ಇಂಚು, ಮುಂದೆ ಅರ್ಧ ಇಂಚು ಇರುವಂಥದ್ದು, ಡಿಸ್ಕ್‌ನವರಿಗೆ ಇದ್ದದ್ದರಲ್ಲಿ ಒಳ್ಳೆಯದು. ಸೊಂಟ ಮಂಡಿಗಿಂತ ಮೇಲೆ ಬರುತ್ತದೆ, ಸೊಂಟದ ಸಹಜ ಬಾಗು ತಾನಾಗಿ ಉಳಿಯುತ್ತದೆ, ಡಿಸ್ಕ್‌ನ ಹಿಂಬದಿಯ ಮೇಲಿನ ಒತ್ತಡ ಕಡಿಮೆಯಾಗುತ್ತದೆ. ಪಿರಿಫಾರ್ಮಿಸ್‌ನವರಿಗೆ ಇದರಿಂದ ಲಾಭವೂ ಇಲ್ಲ, ಹಾನಿಯೂ ಇಲ್ಲ. ಜಾಲರಿ ಸೀಟಿನ ಆಫೀಸು ಕುರ್ಚಿಯಲ್ಲಿ ಮಾತ್ರ ಇದು ಕೆಲಸ ಮಾಡುವುದಿಲ್ಲ: ದಪ್ಪ ಭಾಗ ಜಾಲರಿಯೊಳಗೆ ಮುಳುಗಿ ಇಳಿಜಾರೇ ಮಾಯವಾಗುತ್ತದೆ.

ನಾಲ್ಕನೆಯದು ದುಡ್ಡು ಕೇಳದ ಸ್ನಾನದ ಟವೆಲ್ಲು. ಉದ್ದಕ್ಕೆ ಒಂದು ಮಡಿಕೆ ಹಾಕಿ, ಬಿಗಿಯಾಗಿ ಸುತ್ತಿ, ಎರಡು ರಬ್ಬರ್ ಬ್ಯಾಂಡ್ ಹಾಕಿ, ಬೆಲ್ಟಿಗೆ ಸ್ವಲ್ಪ ಮೇಲೆ ಬೆನ್ನಿಗೂ ಕುರ್ಚಿಗೂ ನಡುವೆ ಇಡಬೇಕು. ಸುಮಾರು ನಾಲ್ಕಿಂಚು ದಪ್ಪ ಸಾಕು. ಡಿಸ್ಕ್‌ನವರಲ್ಲಿ ಇದರ ಗುಣ ಇಳಿಜಾರು ದಿಂಬಿಗೆ ಸಮ, ಕೆಲವರಿಗೆ ಅದಕ್ಕಿಂತ ಮೇಲು. ನೋಯುವ ಕಡೆಯ ಪೃಷ್ಠದ ಕೆಳಗೆ ಮಾತ್ರ ಟವೆಲ್ ಮಡಚಿ ಇಟ್ಟುಕೊಳ್ಳುವವರಿದ್ದಾರೆ, ಅದು ಸೊಂಟವನ್ನು ಓರೆ ಮಾಡುತ್ತದೆ. ಹಿಂಜೇಬಿನ ಪರ್ಸು ಮಾಡುವುದೂ ಇದನ್ನೇ. ದಪ್ಪ ಪರ್ಸಿನಿಂದ ಬರುವ ಸಯಾಟಿಕಾ 1978ರಲ್ಲೇ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಯುಪಿಐ ಬಂದ ಮೇಲೂ ಹಿಂಜೇಬಿನಲ್ಲಿ ಇಡ್ಲಿ ದಪ್ಪದ ಪರ್ಸು ಇಟ್ಟುಕೊಂಡು ಕೂರುವವರಿಗೆ ಯಾವ ದಿಂಬೂ ಉಪಯೋಗವಿಲ್ಲ.

ನಿಂತು ಕೆಲಸ ಮಾಡಲು ಎತ್ತರಿಸುವ ಮೇಜಿಗೆ ಹೆಚ್ಚು ಮಾತು ಬೇಡ. ನಿಂತವರಲ್ಲಿ ಬಹುಪಾಲು ಹತ್ತು ನಿಮಿಷದಲ್ಲಿ ಒಂದೇ ಕಾಲಿಗೆ ಭಾರ ಬಿಟ್ಟು ಸೊಂಟ ಜೋತುಹಾಕುತ್ತಾರೆ, ಪಿರಿಫಾರ್ಮಿಸ್‌ಗೆ ಅದೂ ಹಿಂಸೆಯೇ. ಅರ್ಧ ಗಂಟೆಗೊಮ್ಮೆ ಎದ್ದು ನೀರಿನ ಬಾಟಲಿ ತುಂಬಿಸಿಕೊಂಡು ಬರುವುದು ಅದಕ್ಕಿಂತ ಅಗ್ಗ, ಫಲವೂ ಹೆಚ್ಚು.

ನೆಲ, ಮಣೆ, ಸೋಫಾ

ಫಲಿತಾಂಶ ತಲೆಕೆಳಗಾಗುವುದು ಇಲ್ಲಿ. ಗಟ್ಟಿ ಮಣೆಯ ಮೇಲೆ ಕೂತಾಗ ಭಾರ ಬೀಳುವುದು ಪೃಷ್ಠದ ತಳದಲ್ಲಿರುವ ಎರಡು ಮೂಳೆಗಳ ಮೇಲೆ. ಪಿರಿಫಾರ್ಮಿಸ್ ಅವುಗಳಿಗಿಂತ ಮೇಲೆ, ಹಿಂದೆ ಇದೆ. ಮೆತ್ತನೆ ಸೋಫಾದಲ್ಲಿ ಮೈ ಹೂತುಹೋಗಿ ಪೃಷ್ಠದ ಮಾಂಸವೆಲ್ಲ ಸುತ್ತ ಒತ್ತಿಸಿಕೊಳ್ಳುತ್ತದೆ, ಸೊಂಟ ಹಿಂದಕ್ಕೆ ಮಗುಚುತ್ತದೆ, ಮಂಡಿ ಸೊಂಟಕ್ಕಿಂತ ಮೇಲೇರುತ್ತದೆ. ಹಾಗಾಗಿ ಪಿರಿಫಾರ್ಮಿಸ್ ನೋವಿನವರಲ್ಲಿ ಹಲವರು ಮೆತ್ತನೆ ಸೋಫಾಕ್ಕಿಂತ ಊಟದ ಮರದ ಕುರ್ಚಿಯಲ್ಲೇ ಹೆಚ್ಚು ಹೊತ್ತು ಕೂರಬಲ್ಲರು. ಡಿಸ್ಕ್‌ನವರಿಗಂತೂ ಸೋಫಾ ಇನ್ನೂ ಕೆಟ್ಟದ್ದು, ಅದರಲ್ಲೂ ಕಾಲು ಟೀಪಾಯಿ ಮೇಲಿಟ್ಟು ಮೊಬೈಲು ನೋಡುವ ಭಂಗಿ.

ಬರೀ ನೆಲದಲ್ಲಿ ಚಕ್ಕಳಮಕ್ಕಳ ಹಾಕಿದರೆ ಮಂಡಿ ನೆಲಕ್ಕೆ ಇಳಿಯದೆ ಮೇಲೆಯೇ ಉಳಿಯುವವರಿಗೆ ಸೊಂಟ ಹಿಂದಕ್ಕೆ ಬಾಗಿಯೇ ಬಾಗುತ್ತದೆ. ಜಮಖಾನ ಮಡಚಿ ನಾಲ್ಕಿಂಚು ಎತ್ತರ ಮಾಡಿ, ಅದರ ತುದಿಯಲ್ಲಿ ಕೂತರೆ ಮಂಡಿ ಇಳಿಯುತ್ತದೆ, ಬೆನ್ನು ತಾನಾಗಿ ನೇರವಾಗುತ್ತದೆ. ಪೂಜೆಗೆ ಕೂರುವವರು ಹತ್ತು ನಿಮಿಷಕ್ಕೊಮ್ಮೆ ಒಳಗಿನ ಕಾಲು ಹೊರಗೆ, ಹೊರಗಿನದು ಒಳಗೆ ಬದಲಿಸಿ. ನೋವು ಜೋರಿರುವ ವಾರಗಳಲ್ಲಿ ನೆಲ ಬಿಟ್ಟುಬಿಡುವುದೇ ಮೇಲು. ಅಲ್ಲಿಂದ ಏಳುವಾಗ ಸೊಂಟ ತಿರುಚಿಯೇ ಏಳುತ್ತೇವೆ. ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕುವುದು ಬೇರೆ ವಿಷಯ, ಅದನ್ನು ಎರಡೂ ಬಗೆಯವರು ಬಿಡಬೇಕು.

ಸಿಲ್ಕ್ ಬೋರ್ಡ್ ದಾಟುವುದು ಹೇಗೆ

ಸ್ಕೂಟರಿನಲ್ಲಿ ಕಾಲು ಮುಂದಿರುತ್ತದೆ, ಸೊಂಟ ಹಿಂದಕ್ಕೆ ಬಿದ್ದಿರುತ್ತದೆ, ಚಕ್ರ ಚಿಕ್ಕದು. ಹಂಪ್ ಬಂದಾಗ ಬೈಕಿನವರು ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಪೃಷ್ಠವನ್ನು ಒಂದಿಂಚು ಎತ್ತಬಹುದು, ಪೆಟ್ಟನ್ನು ಮಂಡಿ ತಿನ್ನುತ್ತದೆ. ಕಾಲು ಮುಂದಿರುವ ಸ್ಕೂಟರಿನಲ್ಲಿ ಅದು ಸುಲಭವಲ್ಲ, ಪೆಟ್ಟು ನೇರ ಬೆನ್ನಿಗೆ. ಕಾಲ ಬಳಿ ದಿನಸಿ ಚೀಲವೋ ಗ್ಯಾಸ್ ಸಿಲಿಂಡರೋ ಇದ್ದರೆ ಮಂಡಿ ಅಗಲವಾಗಿ ಪಿರಿಫಾರ್ಮಿಸ್ ಮೊಟಕಾದ ಸ್ಥಿತಿಯಲ್ಲೇ ದಾರಿಯುದ್ದಕ್ಕೂ ಬಿಗಿದಿರುತ್ತದೆ. ಟ್ರಾಫಿಕ್ಕಿನಲ್ಲಿ ಪ್ರತಿ ಸಲ ಒಂದೇ ಕಾಲು ನೆಲಕ್ಕೆ ಕೊಡುತ್ತೇವೆ ಅನ್ನುವುದು ಇನ್ನೊಂದು. ಇಷ್ಟೆಲ್ಲ ತಡೆದುಕೊಂಡು ಬಂದವರಿಗೂ ಕೊನೆಗೆ ಸೆಂಟರ್ ಸ್ಟ್ಯಾಂಡ್ ಹಾಕುವ ತಿರುಚು ಕೈಕೊಡುತ್ತದೆ, ಸೈಡ್ ಸ್ಟ್ಯಾಂಡ್ ಸಾಕು. ಹಿಂದೆ ಒಂದೇ ಪಕ್ಕಕ್ಕೆ ಕಾಲು ಹಾಕಿ ಕೂರುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಕಾರಿನಲ್ಲಿ ಬಲಗಾಲಿನ ನೋವಿನವರಿಗೆ ಕಷ್ಟ ಜಾಸ್ತಿ. ಜಾಮಿನಲ್ಲಿ ಬ್ರೇಕಿಗೂ ಆಕ್ಸಿಲರೇಟರಿಗೂ ನಡುವೆ ಪಾದ ಗಾಳಿಯಲ್ಲಿ ತೇಲುತ್ತಿರುತ್ತದೆ, ಅದನ್ನು ಹಿಡಿದಿಡುವುದು ಸೊಂಟದ ಸುತ್ತಲ ಸ್ನಾಯುಗಳು. ಹಿಮ್ಮಡಿ ನೆಲಕ್ಕೆ ಊರಿ ಪಾದವನ್ನಷ್ಟೇ ತಿರುಗಿಸಿ. ಸೀಟು ಒಂದೆರಡು ಹಲ್ಲು ಮುಂದೆ ತಂದು ಮಂಡಿ ತುಸು ಮಡಿಚಿರುವಂತೆ ಮಾಡಿ, ಎತ್ತರ ಏರಿಸಲು ಬಂದರೆ ಏರಿಸಿ. ಎಡಗಾಲಿನ ನೋವಿನವರಿಗೆ ಕ್ಲಚ್ ಶತ್ರು.

ಬಿಎಂಟಿಸಿ ಬಸ್ಸಿನಲ್ಲಿ ಯಾವ ಸೀಟು ಅನ್ನುವುದರ ಮೇಲೆ ಎಲ್ಲ ನಿಂತಿದೆ. ಹಿಂದಿನ ಚಕ್ರದಾಚೆಯ ಸೀಟು, ಅದರಲ್ಲೂ ಕೊನೆಯ ಸಾಲು, ಹಂಪಿನಲ್ಲಿ ಎತ್ತಿ ಎಸೆಯುತ್ತದೆ. ಎರಡು ಚಕ್ರಗಳ ನಡುವಿನ ಸೀಟುಗಳಲ್ಲಿ ಕುಲುಕಾಟ ಕಡಿಮೆ. ಚಕ್ರದ ಉಬ್ಬಿನ ಮೇಲಿನ ಸೀಟಿನಲ್ಲಿ ಮಂಡಿ ಎದೆಗೆ ಬರುತ್ತದೆ, ಅಲ್ಲಿ ಕೂರುವುದಕ್ಕಿಂತ ಮಂಡಿ ಸಡಿಲ ಬಿಟ್ಟು ಕಂಬ ಹಿಡಿದು ನಿಲ್ಲುವುದೇ ಲೇಸು. ಮೆಟ್ರೊ ಎಲ್ಲಕ್ಕಿಂತ ಮುಂದೆ: ಗಟ್ಟಿ ಸೀಟು, ಹಂಪಿಲ್ಲ, ಬೇಕೆಂದಾಗ ಏಳಬಹುದು. ಮೆಜೆಸ್ಟಿಕ್ಕಿನಲ್ಲಿ ಮಾರ್ಗ ಬದಲಿಸಲು ನಡೆಯಬೇಕಲ್ಲ ಅಂತ ಗೊಣಗುತ್ತೇವೆ, ಪಿರಿಫಾರ್ಮಿಸ್‌ಗೆ ಆ ನಡಿಗೆಯೇ ಮದ್ದು. 2025ರ ಆಗಸ್ಟಿನಲ್ಲಿ ಹಳದಿ ಮಾರ್ಗ ಶುರುವಾದ ಮೇಲೆ ಬೊಮ್ಮಸಂದ್ರ, ಎಲೆಕ್ಟ್ರಾನಿಕ್ ಸಿಟಿಯವರಿಗೆ ಸ್ಕೂಟರು ಬಿಡಲು ಇದಕ್ಕಿಂತ ಒಳ್ಳೆ ನೆಪ ಸಿಗಲಾರದು.

ಬಿಗಿ ಬಿಚ್ಚುವುದು ಹೇಗೆ

ಪಿರಿಫಾರ್ಮಿಸ್ ಹಿಗ್ಗಿಸುವ ವ್ಯಾಯಾಮದಲ್ಲಿ ಎರಡು ಬಗೆ. ಕುರ್ಚಿಯಲ್ಲಿ ಕೂತು ನೋವಿನ ಕಾಲಿನ ಗಿಣ್ಣನ್ನು ಇನ್ನೊಂದು ಮಂಡಿಯ ಮೇಲಿಟ್ಟು ಮುಂದೆ ಬಾಗುವುದು ಒಂದು. ಅಂಗಾತ ಮಲಗಿ ಹಾಗೆಯೇ ಗಿಣ್ಣಿಟ್ಟು, ಕೆಳಗಿನ ತೊಡೆಯನ್ನು ಎರಡೂ ಕೈಯಿಂದ ಎದೆಯತ್ತ ಎಳೆಯುವುದು ಇನ್ನೊಂದು. ಮಲಗಿ ಮಾಡುವುದೇ ಮೇಲು. ಬೆನ್ನು ನೆಲಕ್ಕೆ ಒರಗಿರುವುದರಿಂದ ಸೊಂಟ ಬಗ್ಗುವುದು ಕಡಿಮೆ. ಕೂತು ಮಾಡುವಾಗ ಆಫೀಸಿನ ಅವಸರದಲ್ಲಿ ಬೆನ್ನು ಬಾಗಿಸಿಬಿಡುತ್ತೇವೆ, ಡಿಸ್ಕ್ ತೊಂದರೆಯೂ ಇದ್ದರೆ ಅದು ಕೆರಳುತ್ತದೆ. ಒಂದು ಸಲಕ್ಕೆ 30 ಸೆಕೆಂಡು, ಪ್ರತಿ ಕಡೆ ಮೂರು ಸಲ, ಕುಲುಕಬಾರದು. ಪೃಷ್ಠದ ಆಳದಲ್ಲಿ ಎಳೆತ ಬಂದರೆ ಸರಿ, ಪಾದಕ್ಕೆ ಕರೆಂಟು ಹೊಡೆದರೆ ಆ ಕ್ಷಣ ಬಿಡಿ.

ಸ್ನಾಯುವನ್ನು ಒತ್ತಿ ಸಡಿಲಿಸುವ ಚೆಂಡಿನ ವಿಷಯದಲ್ಲಿ ಅವಸರ ಜಾಸ್ತಿ ಕಾಣುತ್ತದೆ. ಟೆನಿಸ್ ಚೆಂಡನ್ನು ಗೋಡೆಗೂ ಪೃಷ್ಠಕ್ಕೂ ನಡುವೆ ಹಿಡಿದು ಒಂದು ನಿಮಿಷ ಒರಗಿದರೆ ಸಾಕು. ಹುಡುಗರ ಲೆದರ್ ಬಾಲ್ ತಂದು ನೆಲದಲ್ಲಿ ಮೈಭಾರ ಬಿಟ್ಟು ಉರುಳಿದರೆ ಸ್ನಾಯುವಿನ ಜೊತೆ ನರವನ್ನೂ ಅರೆದಂತೆ, ಮರುದಿನ ಕಾಲು ಇನ್ನಷ್ಟು ಸೆಳೆಯುತ್ತದೆ. ದಪ್ಪ ಫೋಮ್ ರೋಲರ್ ನಿರಪಾಯ, ಆದರೆ ಅಷ್ಟು ಆಳಕ್ಕೆ ತಲುಪುವುದಿಲ್ಲ.

ಮಲಗುವಾಗ ನೋವಿನ ಕಡೆ ಮೇಲೆ ಬರುವಂತೆ ಮಗ್ಗುಲಾಗಿ. ಮೇಲಿನ ಕಾಲು ಮಡಿಸಿ ಮುಂದಕ್ಕೆ ಹಾಸಿಗೆಗೆ ಬಿಡುವುದು ಎಲ್ಲರ ಅಭ್ಯಾಸ. ಪಿರಿಫಾರ್ಮಿಸ್ ನೋವನ್ನು ಬೇಕೆಂದೇ ಕೆರಳಿಸಿ ನೋಡಲು ವೈದ್ಯರು ಕಾಲನ್ನು ತರುವುದೂ ಹೆಚ್ಚುಕಮ್ಮಿ ಇದೇ ಭಂಗಿಗೆ. ನಾವು ಅದರಲ್ಲಿ ಆರು ಗಂಟೆ ಇರುತ್ತೇವೆ. ಮಂಡಿಗಳ ನಡುವೆ ಮಾತ್ರ ದಿಂಬಿಟ್ಟರೆ ಪಾದ ಕೆಳಗೆ ಜೋತು ತೊಡೆ ಒಳಕ್ಕೆ ತಿರುಗುತ್ತದೆ, ಮಂಡಿಯಿಂದ ಗಿಣ್ಣಿನವರೆಗೂ ಉದ್ದಕ್ಕೆ ಇಡಬೇಕು. ಹಳೇ ಬೂರುಗದ ಹತ್ತಿಯ ದಿಂಬು ನಡುರಾತ್ರಿಗೆ ಚಪ್ಪಟೆಯಾಗಿರುತ್ತದೆ, ಅದಾದರೆ ಎರಡು ಬೇಕು.